ಗಂಟೆ ಕಟ್ಟಿದ ಮೇಷ್ಟ್ರು, ಗಂಟು ಬಿಚ್ಚಿದ ಸಾಹುಕಾರ

ಹೋದ ಸೆಮ್‌ನಲ್ಲಿ ನಮ್ಮ ಕಾಲೇಜಲ್ಲಿ ಪಿಚ್ ಸ್ಪರ್ಧೆ ಇತ್ತಲ್ಲ, ಅದಕ್ಕೆ ನಾವು ನಾಲ್ಕು ಜನ ಸೇರಿ ಹೆಸರು ಕೊಟ್ಟಿದ್ವಿ. ಐಡಿಯಾ ಏನಪ್ಪಾ ಅಂದ್ರೆ, ಒಂದು ಕಟ್ಟಡದ ಸಂಪು, ಓವರ್‌ಹೆಡ್ ಟ್ಯಾಂಕು, ಪಂಪು, ಕಾರಿಡಾರ್ ಲೈಟು ಎಲ್ಲಕ್ಕೂ ಸೆನ್ಸರ್ ಹಾಕಿ ಫೋನಲ್ಲೇ ನೋಡೋ ಹಾಗೆ ಮಾಡೋದು. ಹನ್ನೆರಡು ಸ್ಲೈಡು ಮಾಡಿದ್ವಿ. ಅದರಲ್ಲಿ ಏಳು ಸ್ಲೈಡಿನಲ್ಲಿ ಕ್ಲೌಡ್ ಇತ್ತು. ಎಲ್ಲ ಮುಗಿದ ಮೇಲೆ ತೀರ್ಪುಗಾರರೊಬ್ಬರು ಒಂದೇ ಪ್ರಶ್ನೆ ಕೇಳಿದರು: ಇದಕ್ಕೆ ದುಡ್ಡು ಕೊಡೋರು ಯಾರು, ಯಾಕೆ ಕೊಡ್ತಾರೆ? ನಾವು ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಮೊದಲ ಸುತ್ತಿನಲ್ಲೇ ಔಟ್.

ಆ ರಾತ್ರಿ ಹಾಸ್ಟೆಲ್‌ಗೆ ಬಂದು ಕೂತು ಯೋಚನೆ ಮಾಡಿದ್ವಿ. ಕಟ್ಟಡ ನೋಡಿಕೊಳ್ಳುವ ಯಂತ್ರಕ್ಕೆ ಅಂತ ಮೊಟ್ಟಮೊದಲು ಬೇರೆಯವರ ಹತ್ತಿರ ದುಡ್ಡು ತಂದವರಲ್ಲಿ ಯಾರಾದರೂ ನಮಗೆ ಪಾಠ ಹೇಳ್ತಾರಾ ಅಂತ ಹುಡುಕಿದಾಗ ಸಿಕ್ಕಿದ ಹೆಸರು ವಾರನ್ ಜಾನ್ಸನ್. ಈ ಜಾನ್ಸನ್ ಹೆಸರನ್ನ ದೊಡ್ಡ ಕಟ್ಟಡಗಳ ಎಸಿ ಪ್ಯಾನಲ್‌ಗಳ ಮೇಲೆ ಜಾನ್ಸನ್ ಕಂಟ್ರೋಲ್ಸ್ ಅಂತ ನೀವು ನೋಡಿರಬಹುದು. ಬೇಬಿ ಪೌಡರ್ ಜಾನ್ಸನ್ ಬೇರೆ, ಇವರು ಬೇರೆ. ನಮ್ಮಲ್ಲಿ ಒಬ್ಬ ಒಂದು ಗಂಟೆ ಪೌಡರ್ ಜಾನ್ಸನ್ ಬಗ್ಗೆ ಓದಿ ಬಂದ, ಅದಕ್ಕೇ ಹೇಳ್ತಿದ್ದೀವಿ.

ವಾರನ್ ಜಾನ್ಸನ್ ಹುಟ್ಟಿದ್ದು 1847ರಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ. ಚಿಕ್ಕವನಿದ್ದಾಗಲೇ ಮನೆಯವರು ಪಶ್ಚಿಮಕ್ಕೆ, ವಿಸ್ಕಾನ್ಸಿನ್ ರಾಜ್ಯಕ್ಕೆ ವಲಸೆ ಹೋದರು. ಅಲ್ಲಿ ಆತ ಪ್ರೆಸ್ಸಿನಲ್ಲಿ ಮುದ್ರಕನ ಕೆಲಸ ಮಾಡಿದರು, ಭೂಮಿ ಅಳೆಯುವ ಸರ್ವೇಯರ್ ಆದರು, ಶಾಲಾ ಮೇಷ್ಟ್ರಾದರು, ಶಾಲೆಗಳ ಮೇಲ್ವಿಚಾರಕರೂ ಆದರು. 1876ರಲ್ಲಿ ವೈಟ್‌ವಾಟರ್ ಅನ್ನೋ ಸಣ್ಣ ಊರಿನ ನಾರ್ಮಲ್ ಸ್ಕೂಲಿಗೆ ಪಾಠ ಹೇಳಲು ಬಂದರು. ನಾರ್ಮಲ್ ಸ್ಕೂಲ್ ಅಂದರೆ ಮೇಷ್ಟ್ರುಗಳನ್ನು ತಯಾರು ಮಾಡುವ ಕಾಲೇಜು, ನಮ್ಮ ಟೀಚರ್ಸ್ ಟ್ರೈನಿಂಗ್ ಕಾಲೇಜು ಇದ್ದ ಹಾಗೆ.

ವಿಸ್ಕಾನ್ಸಿನ್‌ನ ಚಳಿ ಗೊತ್ತಲ್ಲ, ಕೆರೆಗಳೆಲ್ಲ ಹೆಪ್ಪುಗಟ್ಟಿ ಕಲ್ಲಾಗುವಂಥದ್ದು. ಶಾಲೆ ಬೆಚ್ಚಗಿರಬೇಕು ಅಂದರೆ ನೆಲಮಾಳಿಗೆಯಲ್ಲಿ ದೊಡ್ಡ ಒಲೆ ಉರಿಯುತ್ತಿರಬೇಕು. ಯಾವ ಕೋಣೆಗೆ ಎಷ್ಟು ಶಾಖ ಹೋಗಬೇಕು ಅನ್ನೋದು ಡ್ಯಾಂಪರ್ ಎಂಬ ತಗಡಿನ ಬಾಗಿಲುಗಳಿಂದ ತೀರ್ಮಾನ ಆಗ್ತಿತ್ತು. ಆದರೆ ಡ್ಯಾಂಪರ್ ಇರೋದು ಕೆಳಗೆ, ಚಳಿ ಆಗೋದು ಮೇಲೆ. ಹಾಗಾಗಿ ಶಾಲೆಯ ಜಾನಿಟರ್, ಅಂದರೆ ನಮ್ಮ ಅಟೆಂಡರ್ ಅಂದುಕೊಳ್ಳಿ, ಗಂಟೆಗೊಂದು ಸಲ ಪ್ರತಿ ಕ್ಲಾಸಿನ ಬಾಗಿಲು ತೆಗೆದು ಒಳಗೆ ಬಂದು ಥರ್ಮಾಮೀಟರ್ ನೋಡಬೇಕು, ಆಮೇಲೆ ನೆಲಮಾಳಿಗೆಗೆ ಇಳಿದು ಡ್ಯಾಂಪರ್ ಸರಿಮಾಡಬೇಕು. ಮತ್ತೆ ಹತ್ತು, ಮತ್ತೆ ಇಳಿ. ಪ್ರತಿ ಸಲ ಬಾಗಿಲು ತೆಗೆದಾಗ ಪಾಠ ನಿಲ್ಲುತ್ತೆ, ಇಡೀ ಕ್ಲಾಸು ತಿರುಗಿ ನೋಡುತ್ತೆ.

ಜಾನ್ಸನ್‌ಗೆ ಇದು ತಲೆನೋವಾಯಿತು. ಅವರಿಗೆ ಜಾನಿಟರ್ ಮೇಲೆ ಕನಿಕರ ಇತ್ತೋ ಪಾಠ ಕೆಡುತ್ತೆ ಅನ್ನೋ ಸಿಟ್ಟಿತ್ತೋ, ಎರಡೂ ಇತ್ತು ಅಂತ ಇಟ್ಟುಕೊಳ್ಳೋಣ. ಸುಮಾರು 1880ರ ಹೊತ್ತಿಗೆ ಅವರು ತಮ್ಮ ಕ್ಲಾಸಿಗೇ ಒಂದು ಉಪಕರಣ ಮಾಡಿಕೊಂಡರು. ಬೈಮೆಟಲ್ ಸ್ಟ್ರಿಪ್ ನಮಗೆ ಪಿಯುಸಿಯಲ್ಲೇ ಬಂದಿದೆ: ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹದ ಪಟ್ಟಿಗಳನ್ನು ಬೆಸೆದರೆ ಬಿಸಿಯಾದಾಗ ಅದು ಬಾಗುತ್ತೆ. ಅದನ್ನೇ ಸುರುಳಿ ಸುತ್ತಿ ಇಟ್ಟರು. ಸುರುಳಿ ಅಲುಗಿದಾಗ ಪಾದರಸದ ಸ್ವಿಚ್ ಒಂದು ಸರ್ಕ್ಯೂಟ್ ಮುಚ್ಚುತ್ತೆ, ಬ್ಯಾಟರಿಯಿಂದ ಕರೆಂಟು ಹರಿದು ನೆಲಮಾಳಿಗೆಯಲ್ಲಿ ಗಂಟೆ ಹೊಡೆಯುತ್ತೆ. ಗಂಟೆ ಕೇಳಿದ ಜಾನಿಟರ್ ಅಲ್ಲೇ ಡ್ಯಾಂಪರ್ ಎಳೆಯುತ್ತಾನೆ. ಮೇಲೆ ಬರೋ ಕೆಲಸ ಇಲ್ಲ. ಇದಕ್ಕೆ ಅವರು ಎಲೆಕ್ಟ್ರಿಕ್ ಟೆಲಿ-ಥರ್ಮೋಸ್ಕೋಪ್ ಅಂತ ಬಾಯಿ ತಿರುಗದ ಹೆಸರಿಟ್ಟು 1883ರ ಜುಲೈನಲ್ಲಿ ಪೇಟೆಂಟ್ ಪಡೆದರು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಇದನ್ನ ಇವತ್ತು ಪಿಚ್ ಮಾಡಿದರೆ ಏನಾಗುತ್ತೆ? ಅರ್ಧ ಕೆಲಸ ಮಾಡುವ ಯಂತ್ರ ಇದು. ಚಳಿ ಆಯ್ತು ಅಂತ ಹೇಳುತ್ತೆ, ಆದರೆ ಬಿಸಿ ಮಾಡಲ್ಲ. ಡ್ಯಾಂಪರ್ ಎಳೆಯೋಕೆ ಮನುಷ್ಯ ಬೇಕೇ ಬೇಕು. ಆಟೋಮೇಶನ್ ಎಲ್ಲಿ ಅಂತ ಯಾರಾದರೂ ಕೇಳೇ ಕೇಳ್ತಾರೆ. ಆಗ ಊರಿಗೆಲ್ಲ ಕರೆಂಟೂ ಇರಲಿಲ್ಲ. ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ವಿದ್ಯುತ್ ಕೇಂದ್ರ ಶುರು ಮಾಡಿದ್ದೇ 1882ರಲ್ಲಿ. ಬ್ಯಾಟರಿಯ ಶಕ್ತಿಯಲ್ಲಿ ಗಂಟೆ ಬಾರಿಸಬಹುದು, ಆದರೆ ಹಬೆ ತುಂಬಿದ ಭಾರಿ ವಾಲ್ವ್‌ಗಳನ್ನು ತಿರುಗಿಸೋದು ಬೇರೆ ಮಾತು. ಅಂದರೆ ಜಾನ್ಸನ್ ಕೈಯಲ್ಲಿ ಇದ್ದದ್ದು ಒಂದು ಗಂಟೆ, ಒಂದು ಪೇಟೆಂಟು, ಮೇಷ್ಟ್ರ ಸಂಬಳ. ಅಷ್ಟೇ.

ವೈಟ್‌ವಾಟರ್‌ನಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ ಮಿಲ್ವಾಕಿ ನಗರ. ಅಲ್ಲಿ ಪ್ಲ್ಯಾಂಕಿಂಟನ್ ಅಂತ ಒಂದು ಸಾಹುಕಾರರ ಮನೆತನ. ಜಾನ್ ಪ್ಲ್ಯಾಂಕಿಂಟನ್ ಮಾಂಸ ಸಂಸ್ಕರಣೆಯ ಉದ್ಯಮದಲ್ಲಿ ದೊಡ್ಡ ಕುಳ. ಅವರ ಮಗ ವಿಲಿಯಂ ಪ್ಲ್ಯಾಂಕಿಂಟನ್. ಈ ವಿಲಿಯಂ ಜಾನ್ಸನ್‌ರ ಗಂಟೆಯಲ್ಲಿ ಆಸಕ್ತಿ ತೋರಿಸಿ ಬಂಡವಾಳ ಹಾಕಲು ಒಪ್ಪಿಕೊಂಡರು.

ಮಾಂಸದ ವ್ಯಾಪಾರಿಗೂ ಶಾಲೆಯ ಗಂಟೆಗೂ ಏನು ಸಂಬಂಧ ಅಂತ ನಮಗೂ ಮೊದಲು ಅನಿಸಿತು. ಆಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಆ ಮನೆತನಕ್ಕೆ ಮಿಲ್ವಾಕಿಯಲ್ಲಿ ಪ್ಲ್ಯಾಂಕಿಂಟನ್ ಹೌಸ್ ಅನ್ನೋ ದೊಡ್ಡ ಹೋಟೆಲು ಇತ್ತು. ಹೋಟೆಲು ಅಂದರೆ ಸಾಲುಸಾಲು ಕೋಣೆ, ಚಳಿಗಾಲದಲ್ಲಿ ಪ್ರತಿ ಕೋಣೆಯೂ ಬೆಚ್ಚಗಿರಬೇಕು, ಒಬ್ಬ ಅತಿಥಿಗೆ ಸೆಕೆ ಇನ್ನೊಬ್ಬರಿಗೆ ನಡುಕ, ಕಲ್ಲಿದ್ದಲಿನ ಬಿಲ್ಲು ಮಾತ್ರ ಮಾಲೀಕನಿಗೆ. ಇದು ನಮ್ಮ ಊಹೆ ಅಂತಲೇ ಹೇಳ್ತೀವಿ, ಆದರೆ ಈ ಊಹೆ ನಮಗೆ ತುಂಬ ಇಷ್ಟ ಆಯ್ತು. ಪ್ಲ್ಯಾಂಕಿಂಟನ್‌ಗೆ ಆ ಗಂಟೆ ಏನು ಅಂತ ಸ್ಲೈಡ್ ಹಾಕಿ ವಿವರಿಸುವ ಅಗತ್ಯವೇ ಇದ್ದಿರಲಾರದು. ಆ ಸಮಸ್ಯೆ ಅವರ ಮನೆಯಲ್ಲೇ ಇತ್ತು.

ಮೊದಲು ಇಬ್ಬರೂ ಪಾಲುದಾರರಾಗಿ ಉಪಕರಣ ತಯಾರಿಸಲು ಶುರು ಮಾಡಿದರು. 1885ರಲ್ಲಿ ಜಾನ್ಸನ್ ಎಲೆಕ್ಟ್ರಿಕ್ ಸರ್ವಿಸ್ ಕಂಪನಿ ಮಿಲ್ವಾಕಿಯಲ್ಲಿ ನೋಂದಣಿ ಆಯಿತು. ಮೇಷ್ಟ್ರು ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಆಗ ಅವರಿಗೆ ವಯಸ್ಸು ಮೂವತ್ತೇಳು. ಕಂಪನಿಗೆ ಹೆಸರು ಜಾನ್ಸನ್‌ರದ್ದು, ಆದರೆ ಅಧ್ಯಕ್ಷರ ಕುರ್ಚಿ ಪ್ಲ್ಯಾಂಕಿಂಟನ್‌ರದ್ದು. ಜಾನ್ಸನ್ ಉಪಾಧ್ಯಕ್ಷ ಮತ್ತು ಖಜಾಂಚಿ.

ಈ ಒಂದು ವಾಕ್ಯದ ಮೇಲೆ ನಮ್ಮ ರೂಮಲ್ಲಿ ಜಗಳವೇ ಆಯಿತು. ಇಬ್ಬರು ಹೇಳಿದ್ರು, ಕಂಡುಹಿಡಿದವನು ತಾನು, ಕುರ್ಚಿ ಬಿಟ್ಟುಕೊಟ್ಟಿದ್ದು ದಡ್ಡತನ ಅಂತ. ಇನ್ನಿಬ್ಬರು ಹೇಳಿದ್ರು, ಆತನಿಗೆ ಬೇಕಾಗಿದ್ದು ಕುರ್ಚಿ ಅಲ್ಲ, ವರ್ಕ್‌ಶಾಪು. ಅದು ಸಿಕ್ಕಿತಲ್ಲ ಅಂತ. ಈ ಜಗಳ ತೀರಿಸೋಕೆ ನಾವು ಇನ್ನೊಬ್ಬ ಮನುಷ್ಯನ ಕಥೆ ಹೇಳಲೇಬೇಕು.

ಅದೇ 1885ರಲ್ಲಿ, ಪಕ್ಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಆಲ್ಬರ್ಟ್ ಬುಟ್ಜ್ ಅನ್ನೋ ಸ್ವಿಸ್ ಮೂಲದವರೊಬ್ಬರು ಡ್ಯಾಂಪರ್ ಫ್ಲ್ಯಾಪರ್ ಎಂಬ ಯಂತ್ರ ಮಾಡಿದರು. ಕೋಣೆ ತಣ್ಣಗಾದರೆ ಥರ್ಮೋಸ್ಟ್ಯಾಟ್ ಒಂದು ಮೋಟಾರನ್ನು ಬಿಡುಗಡೆ ಮಾಡಿ ಒಲೆಯ ಗಾಳಿಬಾಗಿಲು ತೆರೆಯುತ್ತಿತ್ತು. ಅಂದರೆ ಜಾನ್ಸನ್ ಬಿಟ್ಟಿದ್ದ ಇನ್ನರ್ಧ ಕೆಲಸ, ಮನುಷ್ಯನಿಲ್ಲದೆ. 1886ರಲ್ಲಿ ಪೇಟೆಂಟೂ ಬಂತು. ಯಂತ್ರ ಚೆನ್ನಾಗಿತ್ತು, ಕಂಪನಿಯೂ ಇತ್ತು. ಆದರೆ ಕೆಲವೇ ವರ್ಷಗಳಲ್ಲಿ ಪೇಟೆಂಟು ಬೇರೆ ಕಂಪನಿಯ ಕೈಗೆ ಹೋಯಿತು, ಬುಟ್ಜ್ ಅಲ್ಲಿಂದ ಹೊರಗೆ. ಆ ಉದ್ಯಮವನ್ನು ಮುಂದೆ ಕಟ್ಟಿ ಬೆಳೆಸಿದ್ದು ಸ್ವೆಟ್ ಎಂಬ ಹೂಡಿಕೆದಾರರು. 1927ರಲ್ಲಿ ಅದು ಇನ್ನೊಂದು ಕಂಪನಿಯ ಜೊತೆ ಸೇರಿ ಮಿನಿಯಾಪೊಲಿಸ್-ಹನಿವೆಲ್ ಆಯಿತು. ಹೌದು, ಬೆಂಗಳೂರಲ್ಲಿ ದೊಡ್ಡ ಕ್ಯಾಂಪಸ್ ಇರುವ, ನಮ್ಮ ಸೀನಿಯರ್‌ಗಳು ಪ್ಲೇಸ್‌ಮೆಂಟಿಗೆ ಕಾಯುವ ಅದೇ ಹನಿವೆಲ್. ಆ ಹೆಸರಲ್ಲಿ ಬುಟ್ಜ್ ಎಲ್ಲೂ ಇಲ್ಲ.

ಇದನ್ನ ಓದಿದ ಮೇಲೆ ಕುರ್ಚಿ ಪಾರ್ಟಿಯವರು ಸ್ವಲ್ಪ ತಣ್ಣಗಾದರು.

ಕಂಪನಿ ಶುರುವಾದ ಮೇಲೆ ಜಾನ್ಸನ್ ಮಾಡಿದ ದೊಡ್ಡ ಕೆಲಸ ಬರೋಕೆ ಹತ್ತು ವರ್ಷ ಹಿಡಿಯಿತು. 1895ರಲ್ಲಿ ಅವರು ಗಾಳಿಯಿಂದ ನಡೆಯುವ ನಿಯಂತ್ರಣ ವ್ಯವಸ್ಥೆಗೆ ಪೇಟೆಂಟ್ ಪಡೆದರು. ಕೆಳಗೆ ಒಂದು ಕಂಪ್ರೆಸರ್. ಅಲ್ಲಿಂದ ಸಣ್ಣ ಕೊಳವೆಗಳು ಪ್ರತಿ ಕೋಣೆಗೂ ಹೋಗುತ್ತವೆ. ಗೋಡೆ ಮೇಲಿನ ಥರ್ಮೋಸ್ಟ್ಯಾಟ್ ಕೊಳವೆಯ ಗಾಳಿಯ ಒತ್ತಡವನ್ನು ಹೆಚ್ಚುಕಮ್ಮಿ ಮಾಡುತ್ತೆ, ಆ ಒತ್ತಡ ರೇಡಿಯೇಟರ್‌ನ ಹಬೆ ವಾಲ್ವನ್ನು ತಾನೇ ತೆರೆದು ಮುಚ್ಚುತ್ತೆ. ಬ್ಯಾಟರಿಯಿಂದ ಆಗದ್ದನ್ನು ಗಾಳಿಯಿಂದ ಮಾಡಿಸಿದರು. ಮುಖ್ಯವಾಗಿ, ಪ್ರತಿ ಕೋಣೆಗೂ ಅದರದ್ದೇ ತಾಪಮಾನ. ಇನ್‌ಸ್ಟ್ರುಮೆಂಟೇಶನ್ ಬ್ರಾಂಚಿನವರು ಮೂರರಿಂದ ಹದಿನೈದು ಪಿಎಸ್‌ಐ ಅಂತ ಉರು ಹೊಡೀತಾರಲ್ಲ, ಆ ಲೋಕದ ಹಿರಿಯರಲ್ಲಿ ಇವರೂ ಒಬ್ಬರು.

ಪೇಟೆಂಟಿನಿಂದ ಲೆಕ್ಕ ಹಾಕಿ, 1883ರಿಂದ 1895. ಹನ್ನೆರಡು ವರ್ಷ. ಮೊದಲ ಅರ್ಧ ಕೆಲಸಕ್ಕೂ ಎರಡನೇ ಅರ್ಧ ಕೆಲಸಕ್ಕೂ ನಡುವೆ ಇಷ್ಟು ದಿನ. ಅಷ್ಟೂ ಕಾಲ ಪ್ಲ್ಯಾಂಕಿಂಟನ್ ದುಡ್ಡು ಹಿಂದಕ್ಕೆ ತಗೊಂಡು ಹೋಗಲಿಲ್ಲ. ನಾವು ಹನ್ನೆರಡು ವಾರದ ಇನ್‌ಕ್ಯುಬೇಶನ್ ಬಗ್ಗೆ ಮಾತಾಡೋರು, ಈ ಲೆಕ್ಕ ನೋಡಿ ಸುಮ್ಮನಾದ್ವಿ.

ಇನ್ನೊಂದು ಹಠ ಜಾನ್ಸನ್‌ರದ್ದು. ತಮ್ಮ ಉಪಕರಣವನ್ನು ಡಬ್ಬಿಯಲ್ಲಿ ಹಾಕಿ ಮಾರಲು ಅವರು ಒಪ್ಪಲಿಲ್ಲ. ತಮ್ಮ ಕಂಪನಿಯಲ್ಲಿ ತರಬೇತಿ ಪಡೆದ ಮೆಕ್ಯಾನಿಕ್‌ಗಳೇ ಹೋಗಿ ಕೂರಿಸಬೇಕು. ಹೆಸರಲ್ಲಿ ಸರ್ವಿಸ್ ಅಂತ ಇರೋದು ಸುಮ್ಮನೆ ಅಲ್ಲ. ಇದರಿಂದ ಖರ್ಚು ಜಾಸ್ತಿ, ಬೆಳವಣಿಗೆ ನಿಧಾನ. ಆದರೆ ಗೋಡೆಯೊಳಗೆ ಕೊಳವೆ ಎಳೆದು ಕೂರಿಸಿದ ಮೇಲೆ ಆ ಕಟ್ಟಡದ ಮಾಲೀಕ ಇನ್ನೊಬ್ಬರ ಹತ್ತಿರ ಹೋಗೋದು ಸುಲಭ ಅಲ್ಲ. ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್, ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯವರ ಮನೆ ಇವೆಲ್ಲ ಅವರ ಗಿರಾಕಿಗಳಾದವು.

ಕಥೆ ಇಲ್ಲಿಗೆ ಮುಗಿದಿದ್ದರೆ ಜಾನ್ಸನ್ ಒಬ್ಬ ಒಳ್ಳೇ ಹುಡುಗನ ಹಾಗೆ ಕಾಣ್ತಿದ್ರು. ಆದರೆ ಅವರಿಗೆ ಒಂದು ಕಡೆ ಕೂರೋ ಸ್ವಭಾವ ಇರಲಿಲ್ಲ. ಐವತ್ತಕ್ಕೂ ಹೆಚ್ಚು ಪೇಟೆಂಟು. ಥರ್ಮೋಸ್ಟ್ಯಾಟಿನ ಗಾಳಿಯ ವಿದ್ಯೆಯನ್ನೇ ತಗೊಂಡು ಗೋಪುರ ಗಡಿಯಾರಗಳಿಗೆ ಹಚ್ಚಿದರು. ಫಿಲಡೆಲ್ಫಿಯಾ ಸಿಟಿ ಹಾಲ್ ಗೋಪುರದ ಗಡಿಯಾರ ಅವರದ್ದೇ. ಅದರ ಒಂದೊಂದು ಮುಖದ ವ್ಯಾಸ 26 ಅಡಿ, ಲಂಡನ್ನಿನ ಬಿಗ್ ಬೆನ್‌ಗಿಂತ ದೊಡ್ಡದು. 1904ರ ಸೇಂಟ್ ಲೂಯಿಸ್ ವಿಶ್ವ ಮೇಳದಲ್ಲಿ ನೂರು ಅಡಿಗೂ ಮಿಕ್ಕಿದ ಹೂವಿನ ಗಡಿಯಾರ ಮಾಡಿದರು, ನಮ್ಮ ಲಾಲ್‌ಬಾಗಿನ ಹೂವಿನ ಗಡಿಯಾರ ನೋಡಿದವರು ಅದಕ್ಕಿಂತ ಹಲವು ಪಟ್ಟು ದೊಡ್ಡದನ್ನ ಕಲ್ಪಿಸಿಕೊಳ್ಳಿ. ಪಂಕ್ಚರ್ ಆಗದ ಟೈರು, ಸ್ಪ್ರಿಂಗ್ ಇಲ್ಲದ ಬೀಗ, ಅದೂ ಇದೂ.

ಆಮೇಲೆ ವೈರ್‌ಲೆಸ್ ಹುಚ್ಚು ಹಿಡಿಯಿತು. ಮಾರ್ಕೋನಿ ಹೆಸರು ಎಲ್ಲೆಡೆ ಕೇಳಿಬರುತ್ತಿದ್ದ ಕಾಲ ಅದು. ಜಾನ್ಸನ್ ಮಿಲ್ವಾಕಿಯಲ್ಲಿ ಅಮೆರಿಕನ್ ವೈರ್‌ಲೆಸ್ ಟೆಲಿಗ್ರಾಫ್ ಅನ್ನೋ ಕಂಪನಿಗೆ ಕೈಹಾಕಿದರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರ ವೈರ್‌ಲೆಸ್ ಉಪಕರಣಕ್ಕೆ ಬಹುಮಾನವೂ ಸಿಕ್ಕಿತು. ಆ ಕಂಪನಿಯಲ್ಲಿ ಆಗಷ್ಟೇ ಓದು ಮುಗಿಸಿದ ಒಬ್ಬ ತರುಣ ಕೆಲಸಕ್ಕಿದ್ದ. ತಾನು ಮಾಡಿದ್ದ ಸಿಗ್ನಲ್ ಹಿಡಿಯುವ ಹೊಸ ಉಪಕರಣವನ್ನು ಕಂಪನಿಗೆ ಒಪ್ಪಿಸಲು ನಿರಾಕರಿಸಿದ್ದಕ್ಕೆ ಅವನ ಕೆಲಸ ಹೋಯಿತು. ಹೆಸರು ಲೀ ಡಿ ಫಾರೆಸ್ಟ್. ಎಲೆಕ್ಟ್ರಾನಿಕ್ಸ್‌ನವರು ಟ್ರಯೋಡ್ ಅಂದ ತಕ್ಷಣ ನೆನೆಯುವ ಅದೇ ಡಿ ಫಾರೆಸ್ಟ್. ತನ್ನ ಆವಿಷ್ಕಾರವನ್ನು ನಂಬಿದ ಹೂಡಿಕೆದಾರ ಸಿಕ್ಕಿದ್ದರಿಂದಲೇ ಬದುಕು ಕಟ್ಟಿಕೊಂಡ ಮನುಷ್ಯನ ಕಂಪನಿಯಿಂದ ಇನ್ನೊಬ್ಬ ಹುಡುಗ ಹೀಗೆ ಹೊರಗೆ ಹೋದ ಅನ್ನೋದು ನಮಗೆ ಗಂಟಲಲ್ಲಿ ಮುಳ್ಳಿನ ಹಾಗೆ ಚುಚ್ಚಿತು. ಬರೆಯದೇ ಬಿಡಬಹುದಿತ್ತು. ಬಿಡೋಕೆ ಮನಸ್ಸಾಗಲಿಲ್ಲ.

ವೈರ್‌ಲೆಸ್ ನಿಲ್ಲಲಿಲ್ಲ. ಆಮೇಲೆ ಮೋಟಾರು ಗಾಡಿ. ಮೊದಲು ಹಬೆಯದ್ದು, ಆಮೇಲೆ ಪೆಟ್ರೋಲಿನದ್ದು. ಕುದುರೆ ಇಲ್ಲದ ಗಾಡಿಯಲ್ಲಿ ಮಿಲ್ವಾಕಿಯ ಅಂಚೆ ಸಾಗಿಸುವ ಸರ್ಕಾರಿ ಗುತ್ತಿಗೆಯನ್ನೂ ಹಿಡಿದರು. ಆ ಹೊತ್ತಿಗೆ ಕಂಪನಿಯ ಹೆಸರಿಂದ ಎಲೆಕ್ಟ್ರಿಕ್ ಅನ್ನೋ ಪದ ಬಿದ್ದುಹೋಗಿ 1902ರಿಂದ ಬರೀ ಜಾನ್ಸನ್ ಸರ್ವಿಸ್ ಕಂಪನಿ ಆಗಿತ್ತು, ಅಧ್ಯಕ್ಷರ ಕುರ್ಚಿಯೂ ಕೊನೆಗೆ ಅವರದ್ದೇ ಆಗಿತ್ತು. ವಿಲಿಯಂ ಪ್ಲ್ಯಾಂಕಿಂಟನ್ 1905ರಲ್ಲಿ ತೀರಿಕೊಂಡರು. ನಮಗೆ ಅನಿಸೋದು, ಇಷ್ಟೆಲ್ಲ ಆಟಕ್ಕೆ ಅನ್ನ ಹಾಕುತ್ತಿದ್ದದ್ದು ಆ ಗೋಡೆ ಮೇಲಿನ ಥರ್ಮೋಸ್ಟ್ಯಾಟೇ. ಮನೆಯಲ್ಲಿ ಒಬ್ಬ ದುಡಿಯೋನು, ಉಳಿದವರು ಕನಸು ಕಾಣೋರು ಇದ್ದ ಹಾಗೆ.

ಜಾನ್ಸನ್ 1911ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ಮುಂದಿನ ವರ್ಷ ಹ್ಯಾರಿ ಎಲ್ಲಿಸ್ ಅಧ್ಯಕ್ಷರಾದರು. ಬಂದವರೇ ಕಾರು, ಗಡಿಯಾರ ಇತ್ಯಾದಿ ಎಲ್ಲವನ್ನೂ ಬಿಟ್ಟು, ಕಟ್ಟಡಗಳ ತಾಪಮಾನ ನಿಯಂತ್ರಣ ಒಂದನ್ನೇ ಹಿಡಿದುಕೊಂಡರು. ಕಂಪನಿ ಉಳಿಯಿತು. 1974ರಲ್ಲಿ ಜಾನ್ಸನ್ ಕಂಟ್ರೋಲ್ಸ್ ಅಂತ ಹೆಸರು ಬದಲಾಯಿತು. ವೈಟ್‌ವಾಟರ್‌ನ ಆ ನಾರ್ಮಲ್ ಸ್ಕೂಲು ಈಗ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಭಾಗ. ಗಂಟೆಗೊಂದು ಸಲ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಜಾನಿಟರ್‌ನ ಹೆಸರು ಮಾತ್ರ ನಾವು ಓದಿದ ಯಾವ ಕಡೆಯೂ ಬರಲಿಲ್ಲ.

ಇದಾದ ಮೇಲೆ ನಾವು ನಾಲ್ಕು ಜನ ನಮ್ಮ ಹಾಸ್ಟೆಲಿನ ಪಂಪ್ ನೋಡಿಕೊಳ್ಳುವ ಅಣ್ಣನ ಹತ್ತಿರ ಹೋದ್ವಿ. ಎರಡು ವರ್ಷದಿಂದ ದಿನಾ ನೋಡ್ತೀವಿ, ಕೂತು ಮಾತಾಡಿದ್ದು ಅದೇ ಮೊದಲು. ನಮ್ಮ ಆ್ಯಪ್ ತೋರಿಸಿದ್ವಿ. ಟ್ಯಾಂಕ್ ತುಂಬಿದ್ದು ಫೋನಲ್ಲಿ ಗೊತ್ತಾಗುತ್ತೆ ಅಂದಾಗ ಅವರು ನಕ್ಕುಬಿಟ್ಟರು. ಟ್ಯಾಂಕ್ ತುಂಬೋದು ಅವರಿಗೆ ನೀರು ಬೀಳುವ ಸದ್ದಿನಲ್ಲೇ ಗೊತ್ತಾಗುತ್ತಂತೆ. ಅವರ ಕಷ್ಟ ಬೇರೆ. ಕಾವೇರಿ ನೀರು ಬರೋದು ರಾತ್ರಿ, ಯಾವ ಹೊತ್ತಿಗೆ ಅಂತ ಹೇಳೋಕಾಗಲ್ಲ. ಬಂದ ತಕ್ಷಣ ಎದ್ದು ವಾಲ್ವ್ ತಿರುಗಿಸಿ ಪಂಪ್ ಹಾಕದಿದ್ದರೆ ಬೆಳಿಗ್ಗೆ ಟ್ಯಾಂಕರ್ ತರಿಸಬೇಕು. ಅದಕ್ಕೆ ಅವರು ಸಂಪಿನ ಮುಚ್ಚಳ ಸ್ವಲ್ಪ ತೆಗೆದಿಟ್ಟು, ಪಕ್ಕದ ರೂಮಿನ ಬಾಗಿಲು ಹಾಕದೆ, ಅರ್ಧ ಎಚ್ಚರದಲ್ಲಿ ಮಲಗ್ತಾರೆ. ನಮ್ಮ ಹನ್ನೆರಡು ಸ್ಲೈಡಿನಲ್ಲಿ ಈ ಮಾತು ಎಲ್ಲೂ ಇರಲಿಲ್ಲ. ಟ್ಯಾಂಕರ್ ಬಿಲ್ಲು ಕಟ್ಟೋದು ಯಾರು ಅಂತ ಕೇಳಿದ್ವಿ. ವಾರ್ಡನ್ ಆಫೀಸು ಅಂದರು.

ಸದ್ಯಕ್ಕೆ ಸಂಪಿಗೆ ನೀರು ಬರುವ ಪೈಪಿನ ಬಾಯಿಗೆ ಒಂದು ಫ್ಲೋಟ್ ಸ್ವಿಚ್ ಹಾಕಿದ್ದೀವಿ, ಅಲ್ಲಿಂದ ಒಂದು ವೈರು, ಅಣ್ಣನ ರೂಮಲ್ಲಿ ಒಂದು ಬಜರ್. ಕ್ಲೌಡ್ ಇಲ್ಲ. ಮೂರು ವಾರ ಆಯಿತು, ಈಗ ಅವರು ಬಾಗಿಲು ಹಾಕಿಕೊಂಡು ಮಲಗ್ತಾರೆ. ಒಟ್ಟು ಖರ್ಚು ಮುನ್ನೂರ ನಲವತ್ತು ರೂಪಾಯಿ. ಬಿಲ್ಲನ್ನು ವಾರ್ಡನ್ ಆಫೀಸಿಗೆ ಕೊಟ್ಟಿದ್ದೀವಿ, ಇನ್ನೂ ಪಾಸಾಗಿಲ್ಲ.